ಅತ್ತೆ ಪಾಸು ಮಾಡಿದ ಡಾಕ್ಟರು

ಆಗ ನನಗೆ ಅರವತ್ತು. ಹದಿನೆಂಟು ವರ್ಷದ ಹಿಂದಿನ ಮಾತು. ಡಾಕ್ಟರು ರೋಗಿಯನ್ನು ಪರೀಕ್ಷೆ ಮಾಡುವುದು ಎಲ್ಲ ಕಡೆ ಇರುವ ಪದ್ಧತಿ. ಡಾಕ್ಟರನ್ನೇ ಪರೀಕ್ಷೆ ಮಾಡಿ ಪಾಸು ಮಾಡಿದ ರೋಗಿ ನಮ್ಮ ಕಟ್ಟಾಯ ಹೋಬಳಿಯಲ್ಲೆಲ್ಲ ಒಬ್ಬಳೇ. ಅವಳು ನಮ್ಮತ್ತೆ!

ಅತ್ತೆಯ ವಯಸ್ಸೆಷ್ಟು? ಯಾರು ಕೇಳಿದರೂ ಒಂದೇ ಉತ್ತರ. "ಪ್ಲೇಗು ಬಂದು ಊರೋರೆಲ್ಲ ಒಲದಲ್ಲಿ ಗುಡ್ಲು ಆಕ್ಕಂಡಿದ್ರಲ್ಲ, ಆ ಗುಡ್ಲಲ್ಲಿ ಉಟ್ದೆ." ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದ ನನ್ನ ಮಗ ಅದನ್ನೇ ಕೂಡಿ ಕಳೆದು ಎಂಬತ್ತೇಳು ಅಂತ ಆಸ್ಪತ್ರೆ ಚೀಟಿಗೆ ಬರೆಸಿದ.

ಮುಳ್ಳು ತೆಗೆಯುವುದು ಅತ್ತೆಯ ಚಟ. ರವಿಕೆಗೆ ಸದಾ ಒಂದು ಪಿನ್ನು ಚುಚ್ಚಿಕೊಂಡಿರುವಳು. ಊರಲ್ಲಿ ಯಾರ ಕಾಲಿಗೆ ಜಾಲಿಮುಳ್ಳು ಮುರಿದರೂ ನಮ್ಮ ಜಗಲಿಗೇ ಕುಂಟಿಕೊಂಡು ಬರಬೇಕು. ಅವಳದೊಂದು ವಿದ್ಯೆ ಇತ್ತು. ಕಾಲನ್ನು ಮಡಿಲಿಗೆ ಎಳೆದುಕೊಂಡು ಬೈಯಲು ಶುರು ಮಾಡುವಳು. ಒಂದು ಸಲ ಒಬ್ಬ ದಾಂಡಿಗ ಬಂದು ಕೂತ.

"ನಿಮ್ಮಪ್ಪ ನಮ್ಮ ಬದಿನ ಹುಣ್ಸೆಹಣ್ಣು ಕದ್ದ ಕಳ್ಳ ಕಣ್ಲಾ!"

"ಅಜ್ಜೀ, ನಮ್ಮಪ್ಪನ ಸುದ್ದಿಗೆ ಬರಬ್ಯಾಡ, ಈಗ್ಲೇ ಯೋಳಿವ್ನಿ!"

"ಬಂದ್ರೆ ಏನ್ಲಾ ಮಾಡೀಯೆ?"

ಅವನು ಸಿಟ್ಟಿನಿಂದ ಎದ್ದು ನಿಲ್ಲುವ ಹೊತ್ತಿಗೆ ಮುಳ್ಳು ಅವಳ ಅಂಗೈಲಿತ್ತು. "ನಿಮ್ಮಪ್ಪ ಒಳ್ಳೆಯವ್ನೇ. ಓಗು."

ಇಂಥವಳಿಗೆ ಉಸಿರು ಸಾಲದೆ ಬಂತು. ಜಗಲಿಯಿಂದ ಹಿತ್ತಲಿಗೆ ಹೋಗಲು ನಾಲ್ಕು ಕಡೆ ಕೂರುವಳು. ನಾನೇ ಎಬ್ಬಿಸಬೇಕು, ನಾನೇ ಕೂರಿಸಬೇಕು. ಒಂದು ಗಳಿಗೆ ಬಿಟ್ಟು ಹೋಗುವ ಹಾಗಿರಲಿಲ್ಲ. ಹಾಸನದ ಡಾಕ್ಟರು ನೋಡಿ, ಹೃದಯದ ನಾಳವೊಂದು ಕಟ್ಟಿಕೊಂಡಿದೆ, ಈ ವಯಸ್ಸಿಗೆ ಎದೆ ಸೀಳಲು ಆಗುವುದಿಲ್ಲ, ಮಾತ್ರೆ ನುಂಗಿಕೊಂಡು ಸುಮ್ಮನಿರಲಿ ಅಂದರು. ಸುಮ್ಮನಿರುವುದು! ನಮ್ಮತ್ತೆ!

"ಮುಳ್ಳು ತೆಗೆಯಕ್ಕೆ ಯಾರಾದ್ರೂ ಕಾಲು ಸೀಳ್ತಾರಾ?" ಅಂತ ಅವರನ್ನೇ ತರಾಟೆಗೆ ತೆಗೆದುಕೊಂಡಳು.

ಅವರು ನಕ್ಕು, ಸಣ್ಣ ಗಾಯದಲ್ಲೇ ಆಪರೇಷನ್ ಮಾಡುವವರು ಒಬ್ಬರು ಮೈಸೂರಿನಲ್ಲಿದ್ದಾರೆ ಅಂತ ಚೀಟಿ ಬರೆದುಕೊಟ್ಟರು. ಮಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ.

ಮೈಸೂರಿನ ಡಾಕ್ಟರಿಗೆ ಚಿಕ್ಕ ವಯಸ್ಸು. ಅವರು ಎದೆಗೆ ಕೊಳವೆ ಇಡುವ ಮೊದಲೇ ಅತ್ತೆ ಅವರ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು.

"ನಡುಗಕಿಲ್ಲ. ಎಲ್ಲಿ ಕುಯ್ತೀಯಪ್ಪ?"

"ಎಡಗಡೆ, ಪಕ್ಕೆಲುಬಿನ ಸಂದಿಯಲ್ಲಿ ಅಜ್ಜಿ. ನಾಲ್ಕು ಬೆರಳಗಲ, ಅಷ್ಟೇ."

"ಗುಂಡಿಗೆ ನಿಲ್ಲಿಸ್ತೀಯಾ?"

"ಇಲ್ಲ. ಅದು ಬಡಿದುಕೊಳ್ಳುತ್ತಲೇ ಇರುತ್ತೆ. ಹಾಗೇ ಹೊಲಿಗೆ ಹಾಕ್ತೀವಿ."

ಅತ್ತೆ ಹುಬ್ಬೇರಿಸಿದಳು. "ಒದೆಯೋ ಮಗೀನ ಕಾಲಲ್ಲಿ ಮುಳ್ಳು ತೆಗೆದಂಗೆ. ಅದುಮಿ ಇಡ್ಕಳಕ್ಕೆ ಜನ ಅವ್ರಾ?"

"ಅದುಮಿ ಹಿಡಿಯೋಕೆ ಒಂದು ಸಾಧನ ಇದೆ."

"ಸರಿ. ಪಾಸು!"

ಆಮೇಲೆ ಡಾಕ್ಟರು ನಗುವುದನ್ನು ಬಿಟ್ಟರು. ಎಂಬತ್ತೇಳು ಅಂದರೆ ಆಟವಲ್ಲ, ಮೇಜಿನ ಮೇಲೇ ಜೀವ ಹೋಗಬಹುದು, ಬೇಡ ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ ಅಂದರು. ನಮ್ಮನ್ನು ಹೊರಗೆ ಕಳಿಸಿ ಅವಳೊಬ್ಬಳ ಹತ್ತಿರ ಹತ್ತು ನಿಮಿಷ ಮಾತಾಡಿದರು. ಬಾಗಿಲು ತೆಗೆದಾಗ ಅತ್ತೆ ಒಪ್ಪಿಯಾಗಿತ್ತು.

ನನಗೆ ರೇಗಿತು. "ಈ ವಯಸ್ಸಲ್ಲಿ ಇದೆಲ್ಲ ಯಾತಕ್ಕೆ ಅತ್ಯಮ್ಮ? ಮನೇಲಿ ನೆಮ್ಮದಿಯಾಗಿ ಸಾಯಕ್ಕಾಗಕಿಲ್ವಾ?"

"ಗುಂಡಿಗೆ ನಂದು ಕಣೇ. ನಿಂಗೇನು ನೋವು?"

ಬದುಕಿ ಬರುತ್ತಾಳೆ ಅನ್ನುವ ನಂಬಿಕೆ ನನಗಿರಲಿಲ್ಲ. ಆಪರೇಷನ್ನಿಗೆ ಹೊರಟಾಗ ಚೀಲದ ತಳದಲ್ಲಿ ಒಂದು ಹೊಸ ಬಿಳಿ ಸೀರೆ ಮಡಿಸಿ ಇಟ್ಟುಕೊಂಡೆ. ಹೆಣಕ್ಕೆ ಅಲ್ಲಿ ಎಲ್ಲಿ ಹುಡುಕುವುದು? ಬಾಚಣಿಗೆ ಹುಡುಕುತ್ತ ಅತ್ತೆಯೇ ಅದನ್ನು ಎಳೆದಳು.

"ಇದ್ಯಾರ್ಗೇ?"

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ನಿಂಗೇ."

ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಚೆಂದಾಗದೆ. ಊರಿಗೆ ಓಗೋವಾಗ ಉಟ್ಕತೀನಿ."

ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ ಅನ್ನುವ ಕಾಗದಕ್ಕೆ ಮಗನ ಜೊತೆ ನಾನೂ ಸಹಿ ಹಾಕಿದೆ. ಅತ್ತೆಯನ್ನು ಒಳಗೆ ಕರೆದುಕೊಂಡು ಹೋದರು. ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಅಳು ಬರಲಿಲ್ಲ. ಮಗ ಇಡ್ಲಿ ತಂದ. ಹೊಟ್ಟೆ ಹಸಿದಿತ್ತು, ಪೊಟ್ಟಣ ಬಿಚ್ಚದೆ ಮಡಿಲಲ್ಲೇ ಇಟ್ಟುಕೊಂಡೆ. ಈ ಮುದುಕಿ ನನ್ನನ್ನು ನಲವತ್ತೆರಡು ವರ್ಷ ಬೈದಿದ್ದಾಳೆ; ಅವಳು ಸತ್ತರೆ ನನ್ನ ಇಡ್ಲಿಗೇನು ಬಂತು ಅಂತ ನನ್ನನ್ನೇ ಬೈದುಕೊಂಡೆ.

ಬದುಕಿದಳು! ಮಾರನೆಯ ದಿನ ಕಣ್ಣು ಬಿಟ್ಟು ಮಾತಾಡುವ ಹಾಗಾದಾಗ ಡಾಕ್ಟರು ಬಗ್ಗಿ, "ಹೇಗಿತ್ತಜ್ಜಿ ನನ್ನ ಕೆಲಸ?" ಅಂದರು.

"ಮಲಗಿಸ್ಬುಟ್ಟು ಯಾರು ಬೇಕಾದ್ರೂ ತೆಗೀತಾರೆ ಕಣಪ್ಪ. ನಾನು ಎಚ್ಚರವಾಗಿರೋರ್ಗೇ ತೆಗಿಯೋಳು!"

ಊರಿಗೆ ಹೊರಟ ದಿನ ಹಟ ಮಾಡಿ ಆ ಬಿಳಿ ಸೀರೆಯನ್ನೇ ಉಟ್ಟಳು. ನೋಡಲು ಬಂದ ಹೆಂಗಸರು ಗಾಯ ನೋಡಿ, "ಇಷ್ಟೇನಾ?" ಅಂತ ಮುಖ ಸಣ್ಣ ಮಾಡಿಕೊಂಡರು. ತಂದ ಮೋಸಂಬಿಯನ್ನು ವಾಪಸು ಒಯ್ಯಲಿಲ್ಲ, ಅದೇ ಪುಣ್ಯ.

ತಿಂಗಳಾದ ಮೇಲೆ ತೋರಿಸಲು ಮತ್ತೆ ಮೈಸೂರಿಗೆ ಹೋದೆವು, ನಾವಿಬ್ಬರೇ. ಆಸ್ಪತ್ರೆ ಮೆಟ್ಟಿಲನ್ನು ಅತ್ತೆ ನನಗಿಂತ ಮುಂದೆ ಹತ್ತಿದಳು. ಅವಳ ಎದೆಯ ಫೋಟೋ ತೆಗೆಯಲು ಒಳಗೆ ಕರೆದುಕೊಂಡು ಹೋದಾಗ ಡಾಕ್ಟರು ನನ್ನ ಕಡೆ ತಿರುಗಿ, "ನಿಮ್ಮ ಕಣ್ಣಿನ ಆಪರೇಷನ್ ಆಯ್ತಾಮ್ಮ?" ಅಂದರು.

"ನನ್ನ ಕಣ್ಣಿಗೇನಾಗದೆ ಸಾ?"

ನನ್ನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಮಗನಿಗೂ ಹೇಳಿರಲಿಲ್ಲ. ಹೇಳಿದರೆ ಆಸ್ಪತ್ರೆಗೆ ಹೋಗು ಅನ್ನುತ್ತಾನೆ. ಅತ್ತೆಯನ್ನು ಎತ್ತಿ ಕೂರಿಸುವವರು ಯಾರು?

"ಈ ವಯಸ್ಸಲ್ಲಿ ಯಾಕಜ್ಜಿ ಇಷ್ಟು ಧೈರ್ಯ ಮಾಡ್ತೀರಿ ಅಂತ ಅವತ್ತು ಕೇಳಿದೆ," ಅಂದರು ಡಾಕ್ಟರು. "ಅನ್ನದಲ್ಲಿ ಎರಡು ವರ್ಷದಿಂದ ಕಲ್ಲು ಬರ್ತಾ ಇದೆ, ಸೊಸೆಗೆ ಕಣ್ಣು ಕಾಣಲ್ಲ, ಬಾಯಿ ಬಿಡಲ್ಲ, ನಾನು ಓಡಾಡೋ ಹಾಗಾದ್ರೆ ಅವಳು ನನ್ನ ಬಿಟ್ಟು ಹೋಗಿ ತೋರಿಸ್ಕೊಳ್ತಾಳೆ ಅಂದ್ರು."

ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಕೇರಿಗೇ ಕೇಳುವ ಹಾಗೆ ಕೂಗುವ ಮುದುಕಿ. ಎರಡು ವರ್ಷ ಕಲ್ಲು ಕಡಿದಿದ್ದಾಳೆ. ಒಂದು ಮಾತು ಅಂದಿರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಕಂಡಕ್ಟರನ್ನು ಬೈದಳು.

ಮಾರನೆಯ ಬೆಳಿಗ್ಗೆ ಮುದ್ದೆ ಕಟ್ಟಿ ಅವಳ ಕೈಗೆ ಸಿಗುವ ಕಡೆ ಮುಚ್ಚಿಟ್ಟೆ. "ಅತ್ಯಮ್ಮ, ಆಸನಕ್ಕೆ ಓಗ್ಬತ್ತೀನಿ" ಅಂದು ಹಾಸನದ ಮೊದಲ ಬಸ್ಸು ಹತ್ತಿದೆ. ಕಣ್ಣಾಸ್ಪತ್ರೆ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹೋಗಿ ಸಾಲಿನಲ್ಲಿ ನಿಂತೆ.