ಹಿಂದಿನ ಸೀಟಿನ ಸಾಹೇಬರು

ಪರ್ತಿನ ಥಾರ್ನ್ಲಿಯ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿ ಹೊನ್ನಪ್ಪನವರು ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಸೆರೆಯಾದರು. ಕಾರು ಅವರದು, ಕೀ ಅವರದೇ ಜೇಬಿನಲ್ಲಿ, ಹತ್ತಿರದಲ್ಲಿ ಕಳ್ಳನೂ ಇಲ್ಲ, ಪೊಲೀಸನೂ ಇಲ್ಲ. ಆದರೂ ಸೆರೆ.

ಆದದ್ದಿಷ್ಟೆ. ಮೊಸರು, ಕೊತ್ತಂಬರಿ ಸೊಪ್ಪು ಕೊಂಡು ಹೊರಬಂದವರು ಮುಂದಿನ ಬಾಗಿಲ ಬದಲು ಹಿಂದಿನ ಬಾಗಿಲು ತೆಗೆದರು. ಆಚೀಚೆ ನೋಡಿದರು. ಪರಿಚಯದ ಮುಖ ಯಾವುದೂ ಕಾಣಲಿಲ್ಲ. ಒಳಗೆ ಕೂತು, ಬಾಗಿಲೆಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಖಾಲಿ ಡ್ರೈವರ್ ಸೀಟಿಗೆ ಗಂಭೀರವಾಗಿ “ಹೂಂ, ಮನೆಗೆ ನಡಿ” ಎಂದು ಅಪ್ಪಣೆ ಕೊಡಿಸಿದರು. (ಕಾರು ಅಲುಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ.) ಇದನ್ನು ಹುಚ್ಚು ಎನ್ನಬಾರದು, ರಿಹರ್ಸಲ್ ಎನ್ನಬೇಕು. ದೇವರು ಮತ್ತು ಹೆಂಡತಿ ಕಸ್ತೂರಿ ಇಬ್ಬರೂ ಮನಸ್ಸು ಮಾಡಿದರೆ ಬರುವ ತಿಂಗಳು ಅವರಿಗೆ ಆಫ್ರಿಕಾದಲ್ಲಿ ಸಾಕ್ಷಾತ್ ಡ್ರೈವರ್ ಸಿಗುವವನಿದ್ದ.

ದರ್ಬಾರು ಮುಗಿಸಿ ಇಳಿಯಲು ಹೋದರೆ ಬಾಗಿಲು ಒಳಗಿನಿಂದ ತೆರೆಯದು. ಬ್ರಿಸ್ಬೇನಿನ ರನ್‌ಕಾರ್ನ್‌ನಿಂದ ಮಕ್ಕಳ ಸಮೇತ ಬಂದುಹೋಗಿದ್ದ ಭಾಮೈದ ಉತ್ತಮ್, ತನ್ನ ವಾನರ ಸಂತಾನ ಓಡುವ ಕಾರಿನಿಂದ ಹಾರದಿರಲೆಂದು ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಹಾಕಿ ಮರೆತಿದ್ದ. ಉತ್ತಮನಿಂದ ಉತ್ತಮವಾದದ್ದು ಏನೂ ಆಗುವುದಿಲ್ಲ ಎಂಬುದು ಹೊನ್ನಪ್ಪನವರ ಬಹುಕಾಲದ ಸಿದ್ಧಾಂತ.

ಎರಡು ಸೀಟುಗಳ ನಡುವೆ ತೂರಿ ಮುಂದಕ್ಕೆ ಹೋಗುವುದೊಂದೇ ದಾರಿ. ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ತ್ರಿಶಂಕುವಾಗಿ ಒದ್ದಾಡುವಾಗ ಮೊಣಕೈ ಹಾರ್ನಿನ ಮೇಲೆ ಕೂತು, ಕಾರು ಅವರ ಪರವಾಗಿ ಅರಚತೊಡಗಿತು.

ಯಾರೋ ಬಂದು ಬಾಗಿಲು ತೆಗೆದರು. ಎತ್ತರದ, ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಶರಟಿನ ಆಫ್ರಿಕನ್ ಗೃಹಸ್ಥರು.

“ಡ್ರೈವರ್ ಬರೋದು ತಡವಾಯ್ತಾ ಸರ್?” ಎಂದರು ಇಂಗ್ಲಿಷಿನಲ್ಲಿ.

“ಇಲ್ಲ, ನಾನೇ ಡ್ರೈವರ್,” ಎಂದರು ಹೊನ್ನಪ್ಪನವರು, ಹಿಮ್ಮುಖವಾಗಿ ಭೂಮಿಗೆ ಅವತರಿಸುತ್ತ. ನಾಚಿಕೆ ಮುಚ್ಚಿಕೊಳ್ಳಲು, “ತಮ್ಮ ಊರು?” ಎಂದು ಕೇಳಿದರು.

“ಲುಸಾಕಾ. ಜಾಂಬಿಯಾ.”

ಹೊನ್ನಪ್ಪನವರು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಯಾಕೆಂದು ತಿಳಿಯಲು ಒಂದು ದಿನ ಹಿಂದೆ ಹೋಗಬೇಕು.

ಹೊನ್ನಪ್ಪನವರು ಗಣಿ ಕಂಪನಿಯೊಂದರ ಇಂಜಿನಿಯರ್. ಕಬ್ಬಿಣದ ಅದಿರಿನ ಬೆಲೆ ಬಿದ್ದ ಮೇಲೆ ಆಫೀಸಿನಲ್ಲಿ ಮೊದಲು ಶುಕ್ರವಾರದ ಬಾರ್ಬಿ (ಬಾರ್ಬೆಕ್ಯೂ ಊಟ) ನಿಂತಿತು, ಆಮೇಲೆ ಕಾಫಿ ಮೆಷಿನ್ನು ಮಾಯವಾಯಿತು, ಆಮೇಲೆ ಕಾಫಿ ಕುಡಿಯುವವರೇ ಒಬ್ಬೊಬ್ಬರಾಗಿ ಮಾಯವಾದರು. ಉಳಿದವರಲ್ಲಿ ಹೊನ್ನಪ್ಪನವರನ್ನು ಮ್ಯಾನೇಜರು ಕರೆದು, “ಲುಸಾಕಾ ಆಫೀಸಿಗೆ ಹೋಗ್ತೀಯಾ? ಸೋಮವಾರ ಅರ್ವೋ ಒಳಗೆ ಹೇಳು,” ಎಂದಿದ್ದರು. (ಅರ್ವೋ ಎಂದರೆ ಅಲ್ಲಿನವರ ಬಾಯಲ್ಲಿ ಮಧ್ಯಾಹ್ನ.) ಹೊನ್ನಪ್ಪನವರು ಮನೆಗೆ ಬಂದವರೇ ಇಂಟರ್ನೆಟ್ಟಿಗೆ ಬಿದ್ದರು. ಅಲ್ಲಿ ಯಾವನೋ ಪುಣ್ಯಾತ್ಮ ಹೊರದೇಶದವರಿಗೆ ಲುಸಾಕಾದ ಬದುಕು ಎಷ್ಟು ಸೋವಿ ಎಂದು ಸವಿಸ್ತಾರವಾಗಿ ಬರೆದಿದ್ದ. ಅಡುಗೆಗೊಬ್ಬರು, ತೋಟಕ್ಕೊಬ್ಬರು, ಗೇಟಿಗೊಬ್ಬರು, ಕಾರಿಗೊಬ್ಬರು! ಪರ್ತಿನಲ್ಲಿ ಹಿತ್ತಲ ಹುಲ್ಲು ಕತ್ತರಿಸಲು ಕೇಳುವ ದುಡ್ಡಿಗೆ ಅಲ್ಲಿ ಸಂಸಾರವನ್ನೇ ಕತ್ತರಿಸಿ ಜೋಡಿಸಿಕೊಡುತ್ತಾರೆಂಬ ಹಾಗಿತ್ತು ವರ್ಣನೆ. ಅಂದು ಸಂಜೆ ಹೊನ್ನಪ್ಪನವರು ಪಾತ್ರೆ ತಿಕ್ಕುತ್ತ (ಸೋಮ, ಬುಧ, ಶುಕ್ರ ಅವರ ಪಾಳಿ) ಸೋಪಿನ ನೊರೆಯಲ್ಲಿ ಸಿಂಹಾಸನವನ್ನೇ ಕಂಡರು.

“ಲುಸಾಕಾ?” ಎಂದಳು ಕಸ್ತೂರಿ. “ಊರಿನ ಹೆಸರಲ್ಲೇ ಎರಡು ಪ್ರಶ್ನೆ ಇದೆ ನೋಡಿ. ಲೂಸಾ? ಸಾಕಾ? ಎರಡಕ್ಕೂ ಹೌದು ಅಂತಲೇ ಉತ್ತರ.”

“ತಮಾಷೆ ಬೇಡ ಕಣೇ. ಜಾಂಬಿಯಾ ಅಂದ್ರೆ…”

“ಜಾಂಬಿಯಾನೋ ನಿಮ್ಮ ಜಂಬಾನೋ! ಅಡಿಲೇಡ್ ಸೋವಿ ಅಂದ್ರಿ, ಹೋದ್ವಿ. ಮನೆ ಸೋವಿ ಇತ್ತು, ಕೆಲಸ ಇರ್ಲಿಲ್ಲ. ಬ್ರಿಸ್ಬೇನಲ್ಲಿ ಕೆಲಸ ಇದೆ ಅಂದ್ರಿ, ಹೋದ್ವಿ. ಕೆಲಸ ಇತ್ತು, ಪಕ್ಕದ ಬೀದೀಲಿ ನನ್ನ ತಮ್ಮನೂ ಇದ್ದ, ನಿಮಗೆ ಆಗ್ಲಿಲ್ಲ. ಪರ್ತಲ್ಲಿ ಗಣಿ ಬೂಮ್, ಬೂಮ್ ಅಂತ ಕುಣಿದ್ರಿ. ನಾವು ಡಬ್ಬ ಬಿಚ್ಚೋ ಹೊತ್ತಿಗೆ ಬೂ ಹೋಗಿ ಬರೀ ಮ್ ಉಳಿದಿತ್ತು.”

“ಈಗ ಹೋಗದಿದ್ರೆ ಆ ಮ್ಮೂ ಇರಲ್ಲ ಕಸ್ತೂರಿ. ಮುಂದಿನ ಸಲದ ಲಿಸ್ಟಲ್ಲಿ ನನ್ನ ಹೆಸರೇ ಇರತ್ತೆ.”

ಇದು ಹೊಸ ಮಾತು. ಕಸ್ತೂರಿ ಒಂದು ಕುರ್ಚಿ ಎಳೆದುಕೊಂಡು ಕೂತಳು.

“ಆಫ್ರಿಕಾ ಅಂತ ನನಗೇನೂ ಭಯ ಇಲ್ಲ,” ಎಂದಳು ಕೊನೆಗೆ. “ಭಯ ಇರೋದು ನಿಮ್ಮದು. ನಿಮ್ಮಪ್ಪನೋರು ಕುರ್ಚೀಲಿ ಕೂತು ‘ನೀರು’ ಅಂತಿದ್ರು, ಲೋಟ ಮೂಗಿನ ಕೆಳಗೆ ಬರ್ತಿತ್ತು. ನೀವೂ ಹಾಗೇ ಇದ್ರಿ. ಈ ದೇಶಕ್ಕೆ ಬಂದು ಎಷ್ಟು ವರ್ಷ ಒದ್ದಾಡಿ ನಿಮ್ಮನ್ನ ಮನುಷ್ಯ ಮಾಡಿದೀನಿ. ಅಲ್ಲಿ ನಾಲ್ಕು ಜನ ಕೆಲಸದೋರು ಬಂದ್ರೆ ನಾಲ್ಕೇ ದಿನದಲ್ಲಿ ಎಲ್ಲ ಮರೆತುಬಿಡ್ತೀರ.”

“ಖಂಡಿತ ಇಲ್ಲ! ಅಲ್ಲಿ ಡ್ರೈವರ್ ಇದ್ರೂ ನಾನು ಮುಂದೇನೇ ಕೂತ್ಕೊಳ್ತೀನಿ. ಹಿಂದಿನ ಸೀಟನ್ನ ಕಣ್ಣೆತ್ತಿ ನೋಡಲ್ಲ. ಅನನ್ಯಾ ಮೇಲಾಣೆ.”

“ಡ್ಯಾಡ್, ಲೀವ್ ಮಿ ಔಟ್ ಆಫ್ ಇಟ್,” ಎಂದಳು ಒಂಬತ್ತನೇ ಕ್ಲಾಸಿನ ಅನನ್ಯಾ, ಫೋನಿನಿಂದ ತಲೆಯೆತ್ತದೆ.

ಕಸ್ತೂರಿ ಷರತ್ತು ಹಾಕಿದಳು. ಆ ಊರಿನವರು ಯಾರಾದರೂ ಒಬ್ಬರು ಎದುರಿಗೆ ಕೂತು “ಬನ್ನಿ, ಚೆನ್ನಾಗಿದೆ” ಎನ್ನಬೇಕು, ಮತ್ತು ಆ ಆಣೆ ಹುಸಿಯಾಗಬಾರದು. ಎರಡೂ ನಡೆದರೆ ಪೆಟ್ಟಿಗೆ ಕಟ್ಟುತ್ತೇನೆ ಎಂದಳು.

ಆ ಆಣೆಯ ಮಾರನೆಯ ದಿನವೇ ಹೊನ್ನಪ್ಪನವರು ಹಿಂದಿನ ಸೀಟಿನಲ್ಲಿ ಕೂತು ಮೊಸರಿನ ಜೊತೆ ಹುಳಿಯಾದದ್ದು. ಅದೇ ಸೀಟಿನಿಂದ ಅವರನ್ನು ಎಳೆದು ಹಾಕಿದವರು ಷರತ್ತಿನ ಮೊದಲ ಭಾಗವನ್ನು ಈಡೇರಿಸಬಲ್ಲ ಲುಸಾಕಾದವರು! ಅವರ ಹೆಸರು ಮ್ವಾನ್ಸಾ. ಹಲ್ಲಿನ ಡಾಕ್ಟರು. ಊಟಕ್ಕೆ ಕರೆದಾಗ ಸಂತೋಷದಿಂದ ಒಪ್ಪಿದರು.

“ಎಲ್ಲಿ ಸಿಕ್ಕಿದ್ರು?” ಎಂದು ಕಸ್ತೂರಿ ಕೇಳಿದ್ದಕ್ಕೆ, “ಕಾರ್ ಪಾರ್ಕಲ್ಲಿ. ಹೀಗೇ, ಬಾಗಿಲ ಹತ್ತಿರ,” ಎಂದು ಹೊನ್ನಪ್ಪನವರು ಸತ್ಯವನ್ನೇ ನುಡಿದರು, ಆದರೆ ಅರ್ಧಕ್ಕೆ ನಿಲ್ಲಿಸಿದರು.

ಭಾನುವಾರ ಸಂಜೆ ಡಾಕ್ಟರು ಹೂವಿನ ಗೊಂಚಲು ಹಿಡಿದು ಬಂದರು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿಯಂತೆ. ಹೊನ್ನಪ್ಪನವರಿಗೆ ಒಂದೇ ಚಿಂತೆ. ಊರವರ ಬಾಯಿ ಬಿಡಿಸುವುದೇ ಕಸುಬಾದ ಈ ಮಹಾನುಭಾವ ತನ್ನ ಬಾಯಿಯನ್ನು ಮಾತ್ರ ಮುಚ್ಚಿಕೊಂಡಿರಬೇಕಲ್ಲ! ಬಾಗಿಲಲ್ಲೇ ಕಿವಿಯಲ್ಲಿ ಉಸುರೋಣವೆಂದರೆ ಕಸ್ತೂರಿ ಬೆನ್ನ ಹಿಂದೆಯೇ ನಿಂತಿದ್ದಳು. ಹಾಗಾಗಿ ಡಾಕ್ಟರು ಬಾಯಿ ತೆರೆದಾಗಲೆಲ್ಲ ಹೊನ್ನಪ್ಪನವರು ಅದರೊಳಗೆ ಏನಾದರೊಂದನ್ನು ತುಂಬಿಸುವ ತಂತ್ರ ಹೂಡಿದರು.

“ಮೊನ್ನೆ ಕಾರ್ ಪಾರ್ಕಿನಲ್ಲಿ…”

“ಬಿಸಿಬೇಳೆಬಾತ್ ಹಾಕ್ಕೊಳ್ಳಿ ಡಾಕ್ಟ್ರೇ!”

“ನಿಮ್ಮ ಯಜಮಾನರು ತುಂಬಾ…”

“ಸಂಡಿಗೆ! ಸಂಡಿಗೆ ತಗೊಳ್ಳಿ!”

“ವೈ ಆರ್ ಯೂ ಯೆಲ್ಲಿಂಗ್, ಡ್ಯಾಡ್?” ಎಂದಳು ಅನನ್ಯಾ.

ಮಜ್ಜಿಗೆಯ ಹೊತ್ತಿಗೆ ಕಸ್ತೂರಿ ವಿಷಯಕ್ಕೆ ಬಂದಳು. “ಡಾಕ್ಟ್ರೇ, ನಿಮ್ಮ ಊರು ಹೇಗಿದೆ? ನಿಜ ಹೇಳಿ.” (ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಕಸ್ತೂರಿಯ ಇಂಗ್ಲಿಷಿಗೂ ಮೈಸೂರಿನ ರಾಗವಿರುವುದರಿಂದ ಕನ್ನಡದಲ್ಲಿ ಬರೆದರೆ ನಷ್ಟವೇನಿಲ್ಲ.)

“ತುಂಬಾ ಚೆನ್ನಾಗಿದೆ. ಅಕ್ಟೋಬರಿನಲ್ಲಿ ಜಕರಾಂಡ ಹೂ ಬಿಟ್ಟರೆ ಬೀದಿ ಬೀದಿಯೇ ನೇರಳೆ ಬಣ್ಣ. ಜನವೂ ಒಳ್ಳೆಯವರು. ಖಂಡಿತ ಬನ್ನಿ.”

ಹೊನ್ನಪ್ಪನವರು ಮೇಜಿನ ಕೆಳಗೆ ಮುಷ್ಟಿ ಬಿಗಿದು ವಿಜಯೋತ್ಸವ ಆಚರಿಸಿದರು. ಕಸ್ತೂರಿಯ ಮುಖವೂ ಮೆತ್ತಗಾಯಿತು. ಅವಳು ಮನಸ್ಸಿನಲ್ಲೇ ಪೆಟ್ಟಿಗೆಗಳನ್ನು ಎಣಿಸುತ್ತಿರುವುದು ಕಣ್ಣಿನಲ್ಲಿ ಕಾಣುತ್ತಿತ್ತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಕಥೆ ಮಂಗಳಾರತಿಯಲ್ಲಿ ಮುಗಿಯುತ್ತಿತ್ತು. ಆದರೆ ಗೆದ್ದ ಹೊನ್ನಪ್ಪನವರಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ.

“ಅದಕ್ಕಿಂತ ಮುಖ್ಯ, ಅಲ್ಲಿ ಜೀವನ ಎಷ್ಟು ಸೋವಿ ಅನ್ನೋದನ್ನ ಇವಳಿಗೆ ಹೇಳಿ ಡಾಕ್ಟ್ರೇ! ಕಾಂಪೌಂಡ್ ಇರೋ ದೊಡ್ಡ ಮನೆ, ಅಡುಗೆಯವರು, ಮಾಲಿ, ಡ್ರೈವರ್. ನಮ್ಮಂಥ ಹೊರದೇಶದ ಸಂಸಾರಕ್ಕೆ ತಿಂಗಳಿಗೆ ಎಷ್ಟಾಗಬಹುದು?”

ಡಾಕ್ಟರು ಲೋಟ ಕೆಳಗಿಟ್ಟು ಯೋಚಿಸಿದರು.

“ನನಗೆ ಗೊತ್ತಿಲ್ಲ ಸರ್. ಅಂಥದ್ದೇ ಒಂದು ಮನೆಯ ಹಿತ್ತಲಲ್ಲಿ ನಾನು ಬೆಳೆದದ್ದು. ಆದರೆ ಖರ್ಚಿನ ವಿಷಯ ಸಾಹೇಬರಿಗೇ ಗೊತ್ತಿತ್ತು. ನಮ್ಮ ತಂದೆ ಅವರ ಡ್ರೈವರ್.”

ಹೊನ್ನಪ್ಪನವರ ಕೈಯಲ್ಲಿದ್ದ ಸಂಡಿಗೆ ತಾನಾಗಿಯೇ ಮುರಿಯಿತು. ಅನನ್ಯಾ ಮೊದಲ ಬಾರಿಗೆ ಫೋನು ಕೆಳಗಿಟ್ಟಳು. ಕಸ್ತೂರಿ ಮಾತ್ರ ಡಾಕ್ಟರ ತಟ್ಟೆಗೆ ಇನ್ನೊಂದು ಸೌಟು ಬಾತು ಹಾಕಿ, ತುಪ್ಪದ ಬಟ್ಟಲನ್ನು ಅವರ ಕಡೆ ಸರಿಸಿ, ಗಂಡನ ಕಡೆ ಒಮ್ಮೆ ನೋಡಿದಳು.

ಮಾನ ಉಳಿಸಿಕೊಳ್ಳಲೇಬೇಕಾಗಿತ್ತು. ಹೊರದೇಶದಿಂದ ಹೋದ ಸಾಹೇಬರೆಲ್ಲ ಕೆಟ್ಟವರೇನಲ್ಲ, ಅಲ್ಲಿಗೆ ಹೋದ ಮಾತ್ರಕ್ಕೆ ಯಾರೂ ಕೆಡುವುದಿಲ್ಲ ಎಂದು ಕಸ್ತೂರಿಗೆ ಡಾಕ್ಟರ ಬಾಯಿಂದಲೇ ತಿಳಿಯಲಿ ಎಂದುಕೊಂಡು ಹೊನ್ನಪ್ಪನವರು ಗಂಟಲು ಸರಿಮಾಡಿಕೊಂಡರು.

“ಸಾಹೇಬರು ಒಳ್ಳೆಯವರೇ ಇದ್ದಿರಬೇಕು, ಅಲ್ವಾ? ನಿಮ್ಮ ತಂದೆ ಅವರ ಬಗ್ಗೆ ಏನಂತಿದ್ರು?”

ಡಾಕ್ಟರು ಅಷ್ಟೂ ಹಲ್ಲು ಕಾಣುವಂತೆ ನಕ್ಕರು.

“ಬಹಳ ಒಳ್ಳೆಯವರು ಅಂತಿದ್ರು. ಆದರೆ ಹಿಂದಿನ ಸೀಟಿನಲ್ಲಿ ಕೂತೂ ಕೂತೂ, ಯಾರಾದರೂ ಬಂದು ಬಾಗಿಲು ತೆಗೆಯದಿದ್ರೆ ಕಾರಿನಿಂದ ಇಳಿಯೋದೇ ಮರೆತುಹೋಗಿತ್ತಂತೆ. ಅಪ್ಪ ಉತ್ಪ್ರೇಕ್ಷೆ ಮಾಡ್ತಾರೆ ಅಂದುಕೊಂಡಿದ್ದೆ ಸರ್, ಮೊನ್ನೆ ಕಾರ್ ಪಾರ್ಕಿನಲ್ಲಿ ನಿಮ್ಮನ್ನು ನೋಡೋವರೆಗೂ.”