ನನ್ನ ಕರುಳಿನ ಲೈನು ಅತ್ತೆಗೆ ಸಿಕ್ಕಿತು

ನನ್ನ ಹೊಟ್ಟೆಯ ವಿಷಯದಲ್ಲಿ ನನ್ನ ಮಾತಿಗೇ ಬೆಲೆಯಿಲ್ಲ ಅಂದರೆ ನೀವು ನಂಬಬೇಕು.

ನನ್ನದು ಏಳುಬೀಳಿನ ಬದುಕು. ಅಂದರೆ, ಎಂಟು ಮಹಡಿಯ ಹಳೇ ಕಟ್ಟಡದಲ್ಲಿ ಲಿವರ್ ಎಳೆದು ಲಿಫ್ಟ್ ನಡೆಸುತ್ತೇನೆ. ಸ್ಟೂಲಿನ ಮೇಲೆ ಕೂತೇ ಹತ್ತುತ್ತೇನೆ, ಕೂತೇ ಇಳಿಯುತ್ತೇನೆ. (ನಡುನಡುವೆ ಚಿಪ್ಸ್. ಒಂದು ಕೈ ಖಾಲಿ ಇರುತ್ತದಲ್ಲ!) ಹೀಗಾಗಿ ಸ್ಕ್ಯಾನ್ ನೋಡಿದ ಡಾಕ್ಟ್ರು "ಲಿವರ್‌ಗೆ ಕೊಬ್ಬು ಮೆತ್ತಿದೆ" ಅಂದಾಗ, "ಕೊಬ್ಬಲ್ಲ ಸಾರ್, ಗ್ರೀಸು. ಮೊನ್ನೆ ನಾನೇ ಹಚ್ಚಿದ್ದು" ಅಂದೆ.

ಹೆಂಡತಿ ತೊಡೆ ಚಿವುಟಿದಳು. "ರೀ, ಲಿಫ್ಟಿನದಲ್ಲ, ನಿಮ್ಮದು!"

ಡಾಕ್ಟ್ರು ತಾಳ್ಮೆಯಿಂದ ವಿವರಿಸಿದರು. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವಂತೆ. ಸೊಪ್ಪು, ತರಕಾರಿ, ಕಾಳುಗಳಲ್ಲಿ ಬಣ್ಣ, ಒಗರು, ಕಹಿ ಕೊಡುವ ಅಂಶಗಳಿವೆಯಲ್ಲ, ಒಳ್ಳೆಯ ಬ್ಯಾಕ್ಟೀರಿಯಾ ಅವನ್ನು ಒಡೆದು ಲಿವರ್‌ಗೆ ನೆರವಾಗುತ್ತವಂತೆ. ಬರೀ ಕರಿದದ್ದು, ಸಿಹಿ ತಿಂದರೆ ಕೆಟ್ಟವುಗಳ ಕೈ ಮೇಲಾಗುತ್ತದಂತೆ. "ಹೀಗೇ ಬಿಟ್ಟರೆ ಲಿವರ್ ಪೂರ್ತಿ ಕೆಡಬಹುದು" ಅಂದಾಗ ಹೆಂಡತಿಯ ಮುಖ ಬಿಳಿಚಿಕೊಂಡಿತು.

ಅಂದಿನಿಂದ ಮನೆಯಲ್ಲಿ ನನ್ನನ್ನು ಕೇಳುವವರೇ ಇಲ್ಲ. "ಬೇಗ ತಿನ್ನಿ, ಪಾಪ, ಒಳಗೆ ಬ್ಯಾಕ್ಟೀರಿಯಾ ಕಾಯ್ತಿರ್ತವೆ" ಅನ್ನುತ್ತಾಳೆ ಹೆಂಡತಿ. ಮದುವೆಯಾದಾಗಿನಿಂದ ನನ್ನ ಬಗ್ಗೆ ಅಷ್ಟು ಕನಿಕರದಿಂದ ಮಾತಾಡಿದ್ದಿಲ್ಲ.

ಒಂದು ಭಾನುವಾರ ತಟ್ಟೆ ತುಂಬ ನೇರಳೆ ಕೋಸು ಬಂತು. ನೋಡುತ್ತಲೇ ಹೊಟ್ಟೆ ಗುಡುಗುಡು ಅಂದಿತು. ನನಗೆ ದಿವ್ಯಜ್ಞಾನವಾಯಿತು!

"ಶ್! ಮಾತಾಡ್ತಿದಾವೆ!"

"ಏನಂತೆ?" ಹೆಂಡತಿ ಗಾಬರಿಯಿಂದ ಬಗ್ಗಿದಳು.

"ಕೋಸು ಸಾಕಂತೆ. ಬಿಸಿಬಿಸಿಯಾಗಿ ಏನಾದ್ರೂ ಕರಿದದ್ದು ಬೇಕಂತೆ."

ಗಂಡನ ಮಾತನ್ನು ಎಂದೂ ನಂಬದವಳು ಬ್ಯಾಕ್ಟೀರಿಯಾದ ಮಾತು ನಂಬಿ ಬಾಣಲೆಗೆ ಕೈ ಹಾಕಿಯೇಬಿಟ್ಟಿದ್ದಳು. ಅಷ್ಟರಲ್ಲಿ, ನನ್ನನ್ನು ನೋಡಿಕೊಳ್ಳಲೆಂದೇ ಬಂದಿಳಿದಿದ್ದ ಅತ್ತೆ ಒಳಗಿನಿಂದ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಸ್ಟೀಲ್ ಲೋಟ ತಂದು ನನ್ನ ಹೊಟ್ಟೆಗೆ ಕವುಚಿ, ಅದಕ್ಕೆ ಕಿವಿ ಹಚ್ಚಿದರು.

"ಹಲೋ... ಹಲೋ... ಒಬ್ಬೊಬ್ಬರೇ ಮಾತಾಡಿ!" ಆಮೇಲೆ ತಲೆಯೆತ್ತಿ, "ಅಳಿಯಂದಿರೇ, ನಿಮಗೆ ರಾಂಗ್ ನಂಬರ್ ಸಿಕ್ಕಿದೆ. ಕರಿದದ್ದು ಕೇಳಿದ್ದು ಕೆಟ್ಟವು. ಒಳ್ಳೆಯವು ಹಾಗಲಕಾಯಿ ಕೇಳ್ತಿವೆ. ತಡೀರಿ, ಇನ್ನೂ ಏನೋ... ಹಾಂ, ಪಾತ್ರೆ ತೊಳೀಬೇಕಂತೆ."

"ಬ್ಯಾಕ್ಟೀರಿಯಾಗಳೇ?"

"ನೀವು."

ಅವು ಮಾತಾಡುವುದಿಲ್ಲ ಅಂದರೆ ನನ್ನ ಸುಳ್ಳೇ ಬಯಲಾಗುತ್ತದೆ! ಸೀದಾ ಹೋಗಿ ಪಾತ್ರೆ ತೊಳೆದೆ. ಮರುದಿನ ಬೆಳಿಗ್ಗೆ ಮತ್ತೆ ಲೋಟ ಬಂತು.

"ಇನ್ಮೇಲೆ ನೀವು ಲಿಫ್ಟ್ ಹತ್ತಬಾರದಂತೆ."

"ಅತ್ತೆ, ನಾನು ಲಿಫ್ಟ್ ಆಪರೇಟರ್!"

"ನನ್ನ ಮೇಲೆ ಯಾಕೆ ರೇಗ್ತೀರಿ? ನಾನು ಬರೀ ಲೈನ್ ಕೊಡೋಳು."

ಅತ್ತೆ ಬುತ್ತಿಯ ನೆಪದಲ್ಲಿ ಕಟ್ಟಡದ ಬಾಗಿಲಲ್ಲೇ ಕಾವಲು ಕೂತರು. ನಾನು ಲಿಫ್ಟಿನ ಲಿವರನ್ನು ನಾಲ್ಕನೇ ಮಹಡಿಯ ವಕೀಲರ ಕೈಗೆ ಕೊಟ್ಟು, ಲಿಫ್ಟಿನ ಬಾಗಿಲು ತೆಗೆಯಲು ಮೆಟ್ಟಿಲ ಮೇಲೆ ಓಡುತ್ತಿದ್ದೆ. ಏದುಸಿರು ಬಿಡುತ್ತಾ ನಾಲ್ಕಕ್ಕೆ ಮುಟ್ಟಿದರೆ, ಲಿಫ್ಟ್ ನಿಲ್ಲಿಸಲು ಬಾರದ ವಕೀಲರು ಆರರಲ್ಲಿ ನಿಂತು ನನ್ನ ವಂಶವನ್ನೇ ಸ್ಮರಿಸುತ್ತಿರುತ್ತಿದ್ದರು. ಆರಕ್ಕೆ ಓಡಿದರೆ ನೆಲಮಹಡಿಯಿಂದ ಅವರ ದನಿ ಕೇಳುತ್ತಿತ್ತು!

ಕೆಲವು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್. ಲೋಟದ ಸಮೇತ ಅತ್ತೆಯೂ ಬಂದಿದ್ದರು. ಡಾಕ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ನೋಡಿದರು. "ಕೊಬ್ಬು ಎಷ್ಟೋ ಇಳಿದಿದೆಯಲ್ರೀ! ಏನು ಮಾಡಿದ್ರಿ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾತ್ರ ಇದೇ ಸಮಯ ಅಂದುಕೊಂಡು ಲೋಟದ ಕಥೆಯನ್ನೆಲ್ಲ ಕಕ್ಕಿದೆ. "ನೀವೇ ಹೇಳಿ ಡಾಕ್ಟ್ರೇ, ಬ್ಯಾಕ್ಟೀರಿಯಾ ಮಾತಾಡ್ತವಾ?"

"ಛೆ, ಇಲ್ಲಪ್ಪ. ಆ ಗುಡುಗುಡು ಬರೀ ಗಾಳಿ, ನೀರು."

ಗೆದ್ದೆ! ಅತ್ತೆ ಬೇಜಾರೇನೂ ಮಾಡಿಕೊಳ್ಳದೆ ಲೋಟವನ್ನು ಚೀಲಕ್ಕೆ ಹಾಕಿಕೊಂಡರು. "ಹಾಗಾದ್ರೆ ನನ್ನ ಕೆಲಸ ಮುಗೀತು. ನಾಳೆ ಮಗನ ಮನೆಗೆ ಹೊರಡ್ತೀನಿ."

ನನ್ನ ಕಿವಿಗೆ ಓಲಗ ಊದಿದಂತಾಯಿತು.

"ಎಲ್ಲಿಗಮ್ಮಾ?" ಡಾಕ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಸೊಪ್ಪು ತಿನ್ನಿಸಿದ್ದು, ಮೆಟ್ಟಿಲು ಹತ್ತಿಸಿದ್ದು ಬ್ಯಾಕ್ಟೀರಿಯಾ ಅಲ್ಲ, ನೀವು! ನೀವು ಹೋದ್ರೆ ಕೊಬ್ಬು ವಾಪಸ್ ಬರುತ್ತೆ." ಚೀಟಿ ಎಳೆದುಕೊಂಡು ಬರೆದೇಬಿಟ್ಟರು: ಅತ್ತೆ, ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮುಂಚೆ.

"ಎಷ್ಟು ದಿನ ಡಾಕ್ಟ್ರೇ?" ಚೀಟಿಯನ್ನು ತಿರುವಿ ತಿರುವಿ ನೋಡುತ್ತಾ ಕೇಳಿದೆ.

"ಇಂಥದ್ದನ್ನೆಲ್ಲ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲಪ್ಪ" ಅಂದರು.