ಬೀಳತೈತಿ ಎನ್ನುವ ಕಾಕಾ

ನಮ್ಮ ಕಾಕಾ ಇದ್ದಾರಲ್ಲ, ಶೇರು ಪೇಟೆಯನ್ನು ಬರೀ ಬಾಯಿಂದಲೇ ಬೀಳಿಸಬಲ್ಲರು! ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಬೆಳೆಸಿದ್ದು ಎಂಬ ಖಾತ್ರಿ ನನಗಿಲ್ಲ. ಅರ್ಥಶಾಸ್ತ್ರದ ಎಂ.ಎ. ಓದಿನಿಂದ ದಕ್ಕಿದ್ದು ಅನುಮಾನ ಒಂದೇ. ಈಗ ಅದು ನನ್ನ ನೆನಪನ್ನೂ ಬಿಡುತ್ತಿಲ್ಲ.

ಬೆಟಗೇರಿಯ ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ತನ್ನ ಕೈಮಗ್ಗ ಮಾರಿದಾಗ ಆ ದುಡ್ಡನ್ನು ಕಾಕಾ ಶೇರಿಗೆ ಹಾಕಿದರು. ಅಂದಿನಿಂದ ಮೊಬೈಲಿನಲ್ಲಿ ಶೇರಿನ ಗೆರೆ ಏರಿದಷ್ಟೂ ಅವರ ಮುಖ ಇಳಿಯತೊಡಗಿತು. ಆ ಗೆರೆಯನ್ನು ಮಗ್ಗದ ಮೇಲಿನ ಎಳೆಯಂತೆ ಬೆರಳಿನಿಂದ ಮುಟ್ಟಿ, "ಭಾಳ ಬಿಗಿ ಆಗೇತಿ. ಹರೀತೈತಿ ನೋಡಲೇ!" ಎನ್ನುವರು.

"ಹಂಗಾದ್ರ ಮಾರ್ರಿ ಕಾಕಾ."

"ನೇಯೂದು ಮುಗಿಯೂಕಿಂತ ಮೊದಲ ಸೀರಿ ಕೊಯ್ತಾರೇನ್ಲೇ?"

ಇದಕ್ಕೆ ಯಾವ ಅರ್ಥಶಾಸ್ತ್ರ ಉತ್ತರಿಸೀತು?

ಅಮಾವಾಸ್ಯೆಗೆ ಮಗ್ಗಕ್ಕೆ ರಜೆಯಲ್ಲವೇ? ಅಂದು ಕಾಕಾ ಶೇರನ್ನೂ ನೋಡುತ್ತಿರಲಿಲ್ಲ. ಒಂದು ಅಮಾವಾಸ್ಯೆ ಪೇಟೆ ಜಿಗಿಯಿತು. "ರಜಾ ದಿನ ದುಡದೈತಿ, ಅದು ದಕ್ಕೂದಿಲ್ಲ ಬಿಡು" ಎಂದು ಮರುದಿನ ಅದಕ್ಕೂ ಕೊರಗಿದರು!

ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಅಕ್ಷತೆ ಹಾಕಿದವರೇ, ಕಾಳಿನ ವ್ಯಾಪಾರಿಯಾದ ಬೀಗರ ಕಿವಿಯಲ್ಲಿ, "ಶೇರ್ ಇದ್ರ ಜಲ್ದಿ ಮಾರ್ರಿ, ಬೀಳತಾವು" ಎಂದರು.

"ಮೊದಲ ಊಟಕ್ಕ ಕುಂಡ್ರಿ ಯಜಮಾನ್ರ, ಬಿದ್ದಮ್ಯಾಲ ಹಸಿವು ಆಗೂದಿಲ್ಲ!"

ದಿನಾ ಬೆಳಿಗ್ಗೆ ನನಗೆ ಕಾಕಾರ ಅದೇ ಫೋನು, ಅದೇ ಮಾತು. ಕೇಳಿ ಕೇಳಿ ಸುಸ್ತಾಗಿ, ಹಾಳಾದ ಪೇಟೆ ಒಮ್ಮೆಯಾದರೂ ಬೀಳಬಾರದೇ ಎನ್ನಿಸಿಬಿಟ್ಟಿತ್ತು.

ಅಷ್ಟರಲ್ಲಿ ಕಾಕುವಿನ ಮೊಣಕಾಲು ಸೋತವು. ಶೇರು ಮಾರಿ ಆಪರೇಷನ್ ಮಾಡಿಸುವುದೆಂದಾಯಿತು. ಅವಳದು ಒಂದೇ ಕರಾರು: "ಪ್ಯಾಟಿ ಬಿದ್ದಾಗ ಮಾರೂದಾದ್ರ ನನಗ ಆಪರೇಷನ್ ಬ್ಯಾಡ. ನನ್ನ ಮಗ್ಗ ಅಗ್ಗಕ್ಕ ಹೋಗಬಾರದು. ಕುಂಟಕೋಂತ ಇರ್ತೀನಿ."

ಗದಗಿನ ಆಸ್ಪತ್ರೆಗೆ ಸೇರಿಸಲು ಹೋದ ದಿನ ನಾನೂ ಜತೆಗಿದ್ದೆ. ಕಾಕು ಬಾಗಿಲಲ್ಲೇ ನಿಂತಳು.

"ಏನ್ರಿ, ಇವತ್ತ ಪ್ಯಾಟಿ ಹೆಂಗೈತಿ? ಖರೆ ಹೇಳ್ರಿ."

ಕಾಕಾ ಮೊಬೈಲು ನೋಡಿದರು. ಕಿಸೆಗೆ ಹಾಕಿಕೊಂಡರು.

"ಏರೇತಿ."

ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

"ಇವತ್ತ ಮಾರಿಬಿಡ್ತೀನಿ. ನಡಿ."

"ಇಷ್ಟು ವರ್ಷ ಸುಳ್ಳ ಅಂಜಿಸಿದ್ರಲ್ರಿ!" ಎಂದು ಬೈಯುತ್ತಲೇ ಕಾಕು ಅವರ ಭುಜ ಹಿಡಿದು ಒಳಗೆ ನಡೆದಳು.

ಆಗ ಕಾಕಾ ನಕ್ಕರೋ, ಕಣ್ಣು ಒರೆಸಿಕೊಂಡರೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಆದರೆ ಆ ದಿನದ ಪೇಟೆಯನ್ನು ಆಮೇಲೆ ತೆಗೆದು ನೋಡಿದೆ. ಬೆಳಿಗ್ಗೆಯೇ ಬಿದ್ದದ್ದು, ಸಂಜೆಯವರೆಗೂ ಎದ್ದಿರಲಿಲ್ಲ.